ಆಸ್ಪತ್ರೆಯಲ್ಲಿ ರೋಗಿಗಳು ಬೀಳುವುದನ್ನು ತಡೆಯಲು ದೂರ ವೀಡಿಯೊ ನಿಗಾ: ವ್ಯವಸ್ಥೆ, ವೆಚ್ಚ ಮತ್ತು ಮಿತಿಗಳು

ಕಾರ್ಖಾನೆಯೊಂದರಲ್ಲಿ ಕಾರ್ಮಿಕನು ಜಾರಿ ಬಿದ್ದರೆ ಅದು ಅಪಘಾತ ವಹಿಯಲ್ಲಿ ದಾಖಲಾಗುತ್ತದೆ, ಕಾರಣವನ್ನು ಶೋಧಿಸಲಾಗುತ್ತದೆ, ನಷ್ಟದ ಲೆಕ್ಕವನ್ನೂ ಹಾಕಲಾಗುತ್ತದೆ. ಆದರೆ ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ ರೋಗಿಯು ಮಂಚದಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಅದನ್ನು ವೃದ್ಧಾಪ್ಯದ ಸಹಜ ಫಲವೆಂದೋ ದುರದೃಷ್ಟವೆಂದೋ ಭಾವಿಸುವುದು ಬಹುಕಾಲ ರೂಢಿಯಲ್ಲಿತ್ತು. ಕಳೆದ ಎರಡು ದಶಕಗಳಲ್ಲಿ ಈ ದೃಷ್ಟಿ ಬದಲಾಗಿದೆ. ರೋಗಿ ಬೀಳುವುದು ಮುಂಜಾಗ್ರತೆಯಿಂದ ತಗ್ಗಿಸಬಹುದಾದ ಅವಘಡವೆಂದೂ, ಅದರ ವೆಚ್ಚವನ್ನು ಯಾರಾದರೂ ಭರಿಸಲೇಬೇಕೆಂದೂ ಆಸ್ಪತ್ರೆಗಳ ಆಡಳಿತ ವರ್ಗವು ಮನಗಂಡಿದೆ. ಈ ಬದಲಾವಣೆಯ ಫಲವಾಗಿ ಬೆಳೆದ ಹೊಸ ಸೇವೆಗಳಲ್ಲಿ ದೂರ ವೀಡಿಯೊ ನಿಗಾ ವ್ಯವಸ್ಥೆಯೂ ಒಂದು. ಇದು ಹೆಚ್ಚಾಗಿ ಬೆಳೆದದ್ದು ಅಮೆರಿಕದ ಆಸ್ಪತ್ರೆಗಳಲ್ಲಿ. ಆದ್ದರಿಂದ ಅಲ್ಲಿನ ಅನುಭವವನ್ನು ಮೊದಲು ಪರಿಶೀಲಿಸಿ, ಬಳಿಕ ನಮ್ಮ ರಾಜ್ಯದ ನರ್ಸಿಂಗ್ ಹೋಂಗಳಿಗೂ ಸಣ್ಣ ಉತ್ಪಾದಕರಿಗೂ ಅದು ಕಲಿಸುವ ಪಾಠಗಳನ್ನು ನೋಡುವುದು ಸೂಕ್ತ.

ಸಮಸ್ಯೆಯ ಗಾತ್ರ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆ, ರಸ್ತೆ, ಕೆಲಸದ ಸ್ಥಳಗಳೆಲ್ಲವನ್ನೂ ಸೇರಿಸಿ ಜಗತ್ತಿನಲ್ಲಿ ಪ್ರತಿವರ್ಷ 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ. ಅಮೆರಿಕದ ಆಸ್ಪತ್ರೆಗಳ ಒಳಗೇ ವರ್ಷಕ್ಕೆ 7 ಲಕ್ಷದಿಂದ 10 ಲಕ್ಷ ರೋಗಿಗಳು ಬೀಳುತ್ತಾರೆಂದೂ, ಇವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ತಡೆಯಬಹುದೆಂದೂ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯು ಅಂದಾಜು ಮಾಡಿದೆ.

ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು 2015ರ ಸೆಪ್ಟೆಂಬರ್‌ನಲ್ಲಿ ಈ ಕುರಿತು ವಿಶೇಷ ಎಚ್ಚರಿಕೆ ಹೊರಡಿಸಿತು. ಬಿದ್ದು ಗಾಯಗೊಂಡ ರೋಗಿಯ ಆಸ್ಪತ್ರೆ ವಾಸವು ಸರಾಸರಿ 6.3 ದಿನ ಹೆಚ್ಚುತ್ತದೆ ಮತ್ತು ಇಂತಹ ಪ್ರತಿ ಪ್ರಕರಣಕ್ಕೆ ಸುಮಾರು 14,000 ಡಾಲರ್ ವೆಚ್ಚವಾಗುತ್ತದೆ ಎಂದು ಅದರಲ್ಲಿ ತಿಳಿಸಲಾಗಿತ್ತು. ಹಾಸಿಗೆಯೊಂದು 6 ದಿನ ಹೆಚ್ಚು ಕಾಲ ತುಂಬಿರುವುದೆಂದರೆ ಮತ್ತೊಬ್ಬ ರೋಗಿಗೆ ಅದು ದೊರೆಯುವುದಿಲ್ಲ ಎಂದೇ ಅರ್ಥ.

ಈ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ 2008ರ ಅಕ್ಟೋಬರ್ 1ರಂದು ಸ್ಪಷ್ಟ ಉತ್ತರ ದೊರೆಯಿತು. ವೃದ್ಧರಿಗಾಗಿ ಅಮೆರಿಕ ಸರ್ಕಾರವು ನಡೆಸುವ ಮೆಡಿಕೇರ್ ವಿಮಾ ಯೋಜನೆಯು, ಆಸ್ಪತ್ರೆಯಲ್ಲಿಯೇ ಉಂಟಾದ ಕೆಲವು ಹಾನಿಗಳಿಗೆ ಹೆಚ್ಚುವರಿ ಹಣ ಪಾವತಿಸುವುದನ್ನು ಅಂದಿನಿಂದ ನಿಲ್ಲಿಸಿತು. ಆ ಪಟ್ಟಿಯಲ್ಲಿ ಬೀಳುವುದರಿಂದಾದ ಗಾಯಗಳೂ ಇದ್ದವು. ಅಲ್ಲಿಯವರೆಗೆ ವಿಮೆಯ ಹೊರೆಯಾಗಿದ್ದ ವೆಚ್ಚವು ಆಸ್ಪತ್ರೆಯ ನಷ್ಟದ ಖಾತೆಗೆ ವರ್ಗವಾಯಿತು. ಬೀಳುವುದನ್ನು ತಡೆಯುವ ಸಾಧನ ಸಾಮಗ್ರಿಗಳಿಗೆ ಬೇಡಿಕೆ ಬೆಳೆಯಲು ಇದೂ ಒಂದು ಪ್ರಬಲ ಕಾರಣ.

ಆದರೆ ಹಣ ತಡೆಹಿಡಿದ ಮಾತ್ರಕ್ಕೆ ಅವಘಡಗಳು ತಗ್ಗಲಿಲ್ಲ. ಈ ನೀತಿಯ ಪರಿಣಾಮವನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನಳಿಕೆಗಳ ಮೂಲಕ ತಗಲುವ ಕೆಲವು ಸೋಂಕುಗಳು ಕಡಿಮೆಯಾದವು. ಬಿದ್ದು ಗಾಯಗೊಳ್ಳುವ ಪ್ರಕರಣಗಳಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಸೋಂಕನ್ನು ತಡೆಯಲು ಖಚಿತವಾದ ಕ್ರಮಪಟ್ಟಿ ಇದೆ. ರೋಗಿಯು ಯಾವ ಕ್ಷಣದಲ್ಲಿ ಎದ್ದು ನಿಲ್ಲುವನೆಂಬುದಕ್ಕೆ ಅಂತಹ ಪಟ್ಟಿಯಿಲ್ಲ.

ರೋಗಿಯು ಬೀಳುವುದೇಕೆ?

ಅನೇಕ ಪ್ರಕರಣಗಳ ಹಿಂದೆ ಇರುವುದು ಅತಿ ಸಾಮಾನ್ಯವಾದ ಅಗತ್ಯ: ಶೌಚಾಲಯಕ್ಕೆ ಹೋಗುವುದು. ರಾತ್ರಿಯ ವೇಳೆ ಎಚ್ಚರವಾದ ರೋಗಿಯು ಗಂಟೆ ಒತ್ತಿ ಕಾಯಲು ಸಂಕೋಚಪಡುತ್ತಾನೆ ಅಥವಾ ಕಾಯಲಾರದೆ ತಾನೇ ಎದ್ದು ಹೊರಡುತ್ತಾನೆ. ಬಹಳ ಹೊತ್ತು ಮಲಗಿದ್ದವರು ದಿಢೀರನೆ ನಿಂತಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವುದುಂಟು. ನಿದ್ರೆಯ ಮಾತ್ರೆ, ನೋವು ನಿವಾರಕ, ಮೂತ್ರ ಹೆಚ್ಚಿಸುವ ಔಷಧಿ ಇವೆಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ. ಮನೆಯಲ್ಲಿ ಕತ್ತಲಲ್ಲಿಯೂ ಸಲೀಸಾಗಿ ನಡೆಯುತ್ತಿದ್ದ ವೃದ್ಧರಿಗೆ ಆಸ್ಪತ್ರೆಯ ಎತ್ತರದ ಮಂಚ, ಡ್ರಿಪ್ ಸ್ಟ್ಯಾಂಡಿನ ಕೊಳವೆ, ನುಣುಪಾದ ನೆಲ ಅಪರಿಚಿತವಾಗಿರುತ್ತವೆ. ಜ್ವರ ಅಥವಾ ಶಸ್ತ್ರಚಿಕಿತ್ಸೆಯ ಅನಂತರ ಕೆಲವರಿಗೆ ಮತಿಭ್ರಮಣೆ ಉಂಟಾಗಿ, ತಾವು ಎಲ್ಲಿದ್ದೇವೆಂಬುದೇ ಮರೆತುಹೋಗುತ್ತದೆ.

ಯಾರಿಗೆ ಅಪಾಯ ಹೆಚ್ಚೆಂಬುದನ್ನು ಅಳೆಯಲು ಹಲವು ಮಾಪನಗಳಿವೆ. 1989ರಲ್ಲಿ ಪ್ರಕಟವಾದ ಮೋರ್ಸ್ ಮಾಪನವು ಅವುಗಳಲ್ಲಿ ಪ್ರಸಿದ್ಧ. ಹಿಂದೆ ಬಿದ್ದಿದ್ದರೆ 25, ಬೇರೊಂದು ಕಾಯಿಲೆಯೂ ಇದ್ದರೆ 15, ರಕ್ತನಾಳಕ್ಕೆ ಡ್ರಿಪ್ ಹಾಕಿದ್ದರೆ 20, ಹೀಗೆ 6 ಅಂಶಗಳಿಗೆ ಅಂಕ ನೀಡಿ ಕೂಡಿಸಲಾಗುತ್ತದೆ. ಗರಿಷ್ಠ ಅಂಕ 125. ಸಾಮಾನ್ಯವಾಗಿ 45 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರನ್ನು ಹೆಚ್ಚಿನ ಅಪಾಯದವರೆಂದು ಪರಿಗಣಿಸಲಾಗುತ್ತದೆ. ಈ ಎಣಿಕೆಗೆ ಕಾಗದ ಮತ್ತು ಲೇಖನಿಯ ಹೊರತು ಬೇರಾವ ಬಂಡವಾಳವೂ ಬೇಡ.

ಹಿಂದಿನ ಉಪಾಯಗಳು

ಮಂಚದ ಪಕ್ಕದ ಕಂಬಿಗಳನ್ನು ಎತ್ತಿ ನಿಲ್ಲಿಸುವುದು ಎಲ್ಲೆಡೆ ಬಳಕೆಯಲ್ಲಿರುವ ಉಪಾಯ. ಆದರೆ ಮತಿಭ್ರಮಣೆಯಾದ ರೋಗಿಯು ಕಂಬಿಯನ್ನು ದಾಟಲು ಯತ್ನಿಸಿದರೆ ಇನ್ನೂ ಎತ್ತರದಿಂದ ಬೀಳುತ್ತಾನೆ. ಕಂಬಿಗಳ ಸಂದಿನಲ್ಲಿ ಸಿಲುಕುವ ಅಪಾಯವೂ ಇದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 1985ರಿಂದ 2009ರ ಆರಂಭದವರೆಗೆ ಇಂತಹ 803 ಪ್ರಕರಣಗಳು ವರದಿಯಾಗಿದ್ದು, ಅವುಗಳಲ್ಲಿ 480 ಮಂದಿ ಮೃತಪಟ್ಟಿದ್ದರು. 2006ರಲ್ಲಿ ಆ ಸಂಸ್ಥೆಯು ಮಂಚ ತಯಾರಕರಿಗೆ ಮಾರ್ಗಸೂಚಿ ಹೊರಡಿಸಿ, ತಲೆ ಸಿಲುಕಬಹುದಾದ ಸಂದುಗಳು 120 ಮಿಲಿಮೀಟರ್‌ಗಿಂತಲೂ, ಕಂಬಿಯ ತುದಿಯಲ್ಲಿ ಕುತ್ತಿಗೆ ಸಿಲುಕಬಹುದಾದ ಸಂದು 60 ಮಿಲಿಮೀಟರ್‌ಗಿಂತಲೂ ಕಿರಿದಾಗಿರಬೇಕೆಂದು ಸೂಚಿಸಿತು. ಆಸ್ಪತ್ರೆ ಮಂಚಗಳನ್ನು ತಯಾರಿಸುವ ನಮ್ಮ ಘಟಕಗಳೂ ಈ ಅಳತೆಗಳನ್ನು ಗಮನದಲ್ಲಿಡುವುದು ಒಳಿತು.

ಎರಡನೆಯದು ಮಂಚದ ಎಚ್ಚರಿಕೆ ಗಂಟೆ. ಹಾಸಿಗೆಯ ಅಡಿಯಲ್ಲಿಟ್ಟ ಒತ್ತಡ ಸಂವೇದಕದ ಮೇಲಿನಿಂದ ರೋಗಿಯ ಭಾರ ಸರಿದೊಡನೆ ಅದು ಮೊಳಗುತ್ತದೆ. ಕೇಳಲು ಯುಕ್ತಿಯುತವೆನಿಸಿದರೂ ಭಾರ ಸರಿಯುವ ಹೊತ್ತಿಗೆ ರೋಗಿಯು ಬಹುಮಟ್ಟಿಗೆ ಎದ್ದಾಗಿರುತ್ತದೆ. 2012ರಲ್ಲಿ ಪ್ರಕಟವಾದ, ಅಮೆರಿಕದ ನಗರ ಆಸ್ಪತ್ರೆಯೊಂದರ 16 ವಾರ್ಡ್‌ಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಗಂಟೆಗಳ ಬಳಕೆ ಹೆಚ್ಚಿದರೂ ಬೀಳುವವರ ಸಂಖ್ಯೆಯಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಜೊತೆಗೆ, ದಿನವಿಡೀ ಮೊಳಗುವ ನಾನಾ ಯಂತ್ರಗಳ ಸದ್ದಿಗೆ ಒಗ್ಗಿಹೋದ ಕಿವಿ ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುವ ಅಪಾಯವಿದೆ.

ಮೂರನೆಯದು ರೋಗಿಯ ಬಳಿ ಸದಾ ಒಬ್ಬ ಸಹಾಯಕನನ್ನು ಕೂರಿಸುವುದು. ಇದು ಸರಳವಾದ, ಆದರೆ ಅತ್ಯಂತ ದುಬಾರಿಯಾದ ಉಪಾಯ. ದೂರ ವೀಡಿಯೊ ನಿಗಾ ಹುಟ್ಟಿಕೊಂಡದ್ದು ಮುಖ್ಯವಾಗಿ ಈ ವೆಚ್ಚವನ್ನು ತಗ್ಗಿಸುವ ಸಲುವಾಗಿ.

ವ್ಯವಸ್ಥೆಯ ಸ್ವರೂಪ

ಅಪಾಯವುಳ್ಳ ರೋಗಿಯ ಕೊಠಡಿಯಲ್ಲಿ ಗಾಲಿಗಳುಳ್ಳ ಕಂಬದ ಮೇಲೆ ಅಥವಾ ಛಾವಣಿಯಲ್ಲಿ ಕ್ಯಾಮೆರಾ ಇರಿಸಲಾಗುತ್ತದೆ. ಅದನ್ನು ದೂರದಿಂದಲೇ ತಿರುಗಿಸಬಹುದು, ದೃಶ್ಯವನ್ನು ಹಿಗ್ಗಿಸಬಹುದು. ರಾತ್ರಿ ದೀಪವಿಲ್ಲದೆ ನೋಡಲು ಅತಿಗೆಂಪು ಕಿರಣಗಳ ಸೌಲಭ್ಯವಿರುತ್ತದೆ. ಕ್ಯಾಮೆರಾದೊಡನೆ ಧ್ವನಿವರ್ಧಕ ಮತ್ತು ಮೈಕ್ ಇರುವುದರಿಂದ ಎರಡೂ ಕಡೆಯಿಂದ ಮಾತನಾಡಬಹುದು. ಆಸ್ಪತ್ರೆಯ ಬೇರೊಂದು ಭಾಗದಲ್ಲಿ, ಕೆಲವೊಮ್ಮೆ ಬೇರೊಂದು ಊರಿನಲ್ಲಿ, ತರಬೇತಿ ಪಡೆದ ವೀಕ್ಷಕನು ಪರದೆಯ ಮುಂದೆ ಕುಳಿತು ಸಾಮಾನ್ಯವಾಗಿ 12ರಿಂದ 16 ರೋಗಿಗಳನ್ನು ಏಕಕಾಲದಲ್ಲಿ ಗಮನಿಸುತ್ತಾನೆ. ಮಿಷಿಗನ್ ರಾಜ್ಯದ ಅವಾಶೂರ್, ಟೆಕ್ಸಾಸ್ ರಾಜ್ಯದ ಕೇರ್‌ವ್ಯೂ ಕಮ್ಯೂನಿಕೇಶನ್ಸ್ ಮೊದಲಾದ ಸಂಸ್ಥೆಗಳು ಇಂತಹ ವ್ಯವಸ್ಥೆಗಳನ್ನು ಒದಗಿಸುತ್ತವೆ.

ಕೆಲಸದ ಕ್ರಮ ಹೀಗಿದೆ. ರೋಗಿಯು ಹೊದಿಕೆ ಸರಿಸಿ ಕಾಲು ಇಳಿಬಿಡಲು ತೊಡಗಿದೊಡನೆ ವೀಕ್ಷಕನು ಆತನ ಹೆಸರು ಹಿಡಿದು ಮಾತನಾಡಿಸಿ, ನರ್ಸ್ ಬರುತ್ತಿದ್ದಾರೆ, ದಯವಿಟ್ಟು ಕುಳಿತುಕೊಳ್ಳಿ ಎಂದು ವಿನಂತಿಸುತ್ತಾನೆ. ಅದೇ ಸಮಯದಲ್ಲಿ ಆ ರೋಗಿಯ ಹೊಣೆ ಹೊತ್ತ ನರ್ಸ್‌ಗೆ ದೂರವಾಣಿ ಕರೆ ಹೋಗುತ್ತದೆ. ರೋಗಿಯು ಮಾತು ಕೇಳದೆ ನಿಲ್ಲಲು ಮುಂದಾದರೆ ವೀಕ್ಷಕನು ತುರ್ತು ಗುಂಡಿಯನ್ನು ಒತ್ತುತ್ತಾನೆ. ಆಗ ಕೊಠಡಿಯಲ್ಲಿ ಗಟ್ಟಿಯಾದ ಎಚ್ಚರಿಕೆ ಸದ್ದು ಮೊಳಗಿ, ಸಮೀಪದಲ್ಲಿರುವ ಯಾವುದೇ ಸಿಬ್ಬಂದಿ ಧಾವಿಸಬೇಕಾಗುತ್ತದೆ.

ಮಂಚದ ಗಂಟೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಗಂಟೆಯು ಭಾರ ಸರಿದ ಮೇಲೆ ಎಚ್ಚರಿಸುತ್ತದೆ. ವೀಕ್ಷಕನು ಎದ್ದೇಳುವ ಇಂಗಿತ ಕಂಡಾಗಲೇ ಎಚ್ಚರಿಸುತ್ತಾನೆ. ಮಗ್ಗುಲು ಬದಲಿಸುವುದಕ್ಕೂ ಮೇಲೇಳಲು ಹವಣಿಸುವುದಕ್ಕೂ ಇರುವ ಭೇದವನ್ನು ಅವನು ಗುರುತಿಸಬಲ್ಲನು. ಈ ವ್ಯವಸ್ಥೆಯು ಮಾರುವ ಸರಕೆಂದರೆ ಕ್ಯಾಮೆರಾ ಅಲ್ಲ, ಹೀಗೆ ಗಳಿಸಿಕೊಡುವ ಕೆಲವು ಕ್ಷಣಗಳು. ಆ ಕ್ಷಣಗಳನ್ನು ಬಳಸಿಕೊಳ್ಳುವ ವ್ಯಕ್ತಿಯು ವಾರ್ಡ್‌ನಲ್ಲಿ ಇಲ್ಲದಿದ್ದರೆ ಗಳಿಕೆಯು ಶೂನ್ಯ.

ವೆಚ್ಚದ ಲೆಕ್ಕ

ವಾರಕ್ಕೆ 168 ಗಂಟೆಗಳು. ಒಬ್ಬ ನೌಕರನು ವಾರಕ್ಕೆ 40 ಗಂಟೆ ದುಡಿಯುವನೆಂದು ಹಿಡಿದರೆ, ಒಂದು ಕುರ್ಚಿಯನ್ನು ಹಗಲಿರುಳೂ ತುಂಬಲು 4.2 ನೌಕರರು ಬೇಕು. 12 ರೋಗಿಗಳ ಪಕ್ಕದಲ್ಲಿ ಪ್ರತ್ಯೇಕವಾಗಿ ಸಹಾಯಕರನ್ನು ಕೂರಿಸುವುದಾದರೆ ಸುಮಾರು 50 ಮಂದಿ ಬೇಕಾಗುತ್ತದೆ. ಅದೇ 12 ರೋಗಿಗಳನ್ನು ಒಂದು ಪರದೆಯಲ್ಲಿ ನೋಡುವುದಾದರೆ, ರಜೆ ಮತ್ತು ವಿರಾಮದ ಬದಲಿಯನ್ನೂ ಸೇರಿಸಿ 5ರಿಂದ 6 ಮಂದಿ ಸಾಕು. ಕ್ಯಾಮೆರಾ, ಜಾಲ ಸಂಪರ್ಕ, ತಂತ್ರಾಂಶದ ಶುಲ್ಕ, ದುರಸ್ತಿಗಳನ್ನು ಕಳೆದರೂ ಉಳಿತಾಯ ದೊಡ್ಡದೆಂಬುದು ಮೇಲ್ನೋಟಕ್ಕೇ ಕಾಣುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಮೋಸವಿದೆ. ಪಕ್ಕದಲ್ಲಿ ಕುಳಿತವನು ನೋಡುವುದರ ಜೊತೆಗೆ ಕೈಹಿಡಿದು ನಡೆಸುತ್ತಾನೆ, ನೀರು ಕುಡಿಸುತ್ತಾನೆ, ಶೌಚಾಲಯಕ್ಕೆ ಕರೆದೊಯ್ಯುತ್ತಾನೆ. ಪರದೆಯ ಮುಂದಿರುವವನು ನೋಡಬಲ್ಲನು, ಮಾತನಾಡಬಲ್ಲನು, ಅಷ್ಟೆ. ಉಳಿದ ಕೆಲಸವು ವಾರ್ಡ್‌ನ ನರ್ಸ್‌ಗಳ ಪಾಲಿಗೆ ಬರುತ್ತದೆ. ಸಹಾಯಕರೆಲ್ಲರನ್ನೂ ತೆಗೆದುಹಾಕಿ ಉಳಿತಾಯವೆಂದು ಬರೆದುಕೊಂಡ ಆಸ್ಪತ್ರೆಯಲ್ಲಿ ಕರೆಗೆ ಓಗೊಡುವವರು ಇರುವುದಿಲ್ಲ. ಉಳಿತಾಯದ ಒಂದು ಭಾಗವನ್ನು ವಾರ್ಡ್‌ನ ಸಿಬ್ಬಂದಿಗೆ ಮರಳಿಸಿದಾಗ ಮಾತ್ರ ವ್ಯವಸ್ಥೆ ಫಲ ನೀಡಬಲ್ಲದು.

ಫಲಿತಾಂಶಗಳು ಏನು ಹೇಳುತ್ತವೆ?

ಸಹಾಯಕರನ್ನು ಕೂರಿಸುವ ಪದ್ಧತಿ ಮತ್ತು ಅದರ ಪರ್ಯಾಯಗಳನ್ನು ಕುರಿತ ಅಧ್ಯಯನಗಳ ಸಮೀಕ್ಷೆಯೊಂದು 2020ರಲ್ಲಿ ಅಮೆರಿಕದ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ವೀಡಿಯೊ ನಿಗಾ ಬಳಸಿದಲ್ಲಿ ಸಹಾಯಕರ ಅಗತ್ಯ ಕಡಿಮೆಯಾಗಿದೆ, ಬೀಳುವವರ ಸಂಖ್ಯೆ ಹೆಚ್ಚಿಲ್ಲ ಎಂಬುದು ಅದರ ಸಾರ. ಆದರೆ ಬಹುತೇಕ ಅಧ್ಯಯನಗಳು ವ್ಯವಸ್ಥೆ ಬರುವ ಮುನ್ನ ಮತ್ತು ಬಂದ ನಂತರದ ಅಂಕಿಗಳನ್ನು ಹೋಲಿಸಿದವುಗಳಾದ್ದರಿಂದ ಈ ಪುರಾವೆ ಅಷ್ಟೊಂದು ದೃಢವಲ್ಲ. ಆದ್ದರಿಂದ ಇಂತಹ ವ್ಯವಸ್ಥೆಯು ಅವಘಡಗಳನ್ನು ಅರ್ಧಕ್ಕೆ ಇಳಿಸುತ್ತದೆಂದು ಮಾರಾಟಗಾರನು ಭರವಸೆ ನೀಡಿದರೆ, ಅದನ್ನು ಪ್ರಶ್ನಿಸುವುದು ವಿವೇಕ.

ಇದೇ ಕಾಲದಲ್ಲಿ ತಂತ್ರಜ್ಞಾನದ ಅಬ್ಬರವಿಲ್ಲದ ಮತ್ತೊಂದು ಕ್ರಮವೂ ಪರೀಕ್ಷೆಗೊಳಗಾಯಿತು. ಪ್ರತಿ ರೋಗಿಯ ಅಪಾಯಗಳೇನು, ಮಾಡಬೇಕಾದದ್ದೇನು ಎಂಬುದನ್ನು ಒಂದು ಹಾಳೆಯಲ್ಲಿ ಚಿತ್ರ ಸಹಿತ ನಮೂದಿಸಿ, ರೋಗಿ ಹಾಗೂ ಮನೆಯವರೊಡನೆ ಚರ್ಚಿಸಿ, ಮಂಚದ ಬಳಿ ತೂಗುಹಾಕುವುದು ಆ ಕ್ರಮ. ಬೋಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ 3 ಬೋಧನಾ ವೈದ್ಯಕೀಯ ಕೇಂದ್ರಗಳ 14 ವಾರ್ಡ್‌ಗಳಲ್ಲಿ ಇದನ್ನು ಅನುಸರಿಸಿದಾಗ ಬೀಳುವ ಪ್ರಕರಣಗಳು ಶೇ. 15ರಷ್ಟು, ಗಾಯಗೊಂಡ ಪ್ರಕರಣಗಳು ಶೇ. 34ರಷ್ಟು ಕಡಿಮೆಯಾದವೆಂದು 2020ರಲ್ಲಿ ವರದಿಯಾಗಿದೆ. ಕ್ಯಾಮೆರಾ ಕೊಳ್ಳುವ ಮುನ್ನ ಈ ಹಾಳೆಯನ್ನು ಬಳಕೆಗೆ ತರುವುದು ಯಾವ ಸಂಸ್ಥೆಗೂ ಹೊರೆಯಾಗದು.

ಎಲ್ಲಿ ಸಲ್ಲದು?

ಮಾತು ಅರ್ಥವಾಗದ ಅಥವಾ ಕಿವಿ ಕೇಳದ ರೋಗಿಗೆ ಧ್ವನಿವರ್ಧಕದ ಸೂಚನೆ ನಿಷ್ಪ್ರಯೋಜಕ. ವೀಕ್ಷಕನಿಗೆ ರೋಗಿಯ ಭಾಷೆ ಬಾರದಿದ್ದರೂ ಇದೇ ಸ್ಥಿತಿ. ಮತಿಭ್ರಮಣೆಯಾದ ಕೆಲವರು ಕಾಣದ ವ್ಯಕ್ತಿಯ ಧ್ವನಿ ಕೇಳಿ ಇನ್ನಷ್ಟು ಗಾಬರಿಗೊಳ್ಳಬಹುದು. ಆತ್ಮಹತ್ಯೆಯ ಅಪಾಯವಿರುವ ರೋಗಿಯ ಬಳಿ ವ್ಯಕ್ತಿಯೇ ಇರಬೇಕೆಂಬುದು ಸಾಮಾನ್ಯ ನಿಯಮ. ಪರದೆಯನ್ನು ಎವೆಯಿಕ್ಕದೆ ನೋಡುವ ಕೆಲಸ ಆಯಾಸಕರವಾದುದರಿಂದ ವೀಕ್ಷಕನಿಗೆ ನಿಯತ ವಿರಾಮವೂ ಬದಲಿ ವ್ಯಕ್ತಿಯೂ ಅತ್ಯಗತ್ಯ.

ಖಾಸಗಿತನದ ಪ್ರಶ್ನೆ

ರೋಗಿಯ ಕೊಠಡಿಯು ಅಂಗಡಿಯ ಗಲ್ಲಾಪೆಟ್ಟಿಗೆಯಿರುವ ಜಾಗವಲ್ಲ. ಅಲ್ಲಿ ಬಟ್ಟೆ ಬದಲಿಸಲಾಗುತ್ತದೆ, ಮೈ ಒರೆಸಲಾಗುತ್ತದೆ, ಮನೆಯವರು ಕಣ್ಣೀರಿಡುತ್ತಾರೆ. ಅಮೆರಿಕದ ಬಹುತೇಕ ಆಸ್ಪತ್ರೆಗಳು ಈ ದೃಶ್ಯಗಳನ್ನು ನೇರವಾಗಿ ನೋಡುತ್ತವೆಯೇ ಹೊರತು ಮುದ್ರಿಸಿಕೊಳ್ಳುವುದಿಲ್ಲ. ಶುಶ್ರೂಷೆಯ ವೇಳೆ ದೃಶ್ಯವನ್ನು ಮರೆಮಾಡುವ ಸೌಲಭ್ಯವೂ, ಕ್ಯಾಮೆರಾ ಇದೆಯೆಂದು ರೋಗಿಗೆ ಮತ್ತು ಮನೆಯವರಿಗೆ ಮುಂಚಿತವಾಗಿ ತಿಳಿಸುವ ಕ್ರಮವೂ ಇರುತ್ತವೆ.

ಭಾರತದಲ್ಲಿ ಈ ವಿಷಯಕ್ಕೆ ಗಟ್ಟಿಯಾದ ಕಾನೂನಿನ ತಳಹದಿ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಅಥವಾ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ 3 ವರ್ಷಗಳವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಹಂತಹಂತವಾಗಿ ಜಾರಿಯಾಗುವಂತೆ ರೂಪಿತವಾಗಿವೆ. ಅಗ್ಗದ ಕ್ಯಾಮೆರಾ ಕೊಂಡು, ಗುಪ್ತಪದವನ್ನೂ ಬದಲಿಸದೆ ಅಂತರಜಾಲಕ್ಕೆ ಜೋಡಿಸಿ ಬಿಡುವುದು ಇನ್ನು ಮುಂದೆ ಎಷ್ಟು ದುಬಾರಿಯಾಗಬಹುದೆಂಬುದನ್ನು ಇದರಿಂದ ಊಹಿಸಬಹುದು.

ನಮ್ಮ ನರ್ಸಿಂಗ್ ಹೋಂಗಳು ಮತ್ತು ಉತ್ಪಾದಕರು

ಅಮೆರಿಕದ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ. ನಮ್ಮ ವಾರ್ಡ್‌ಗಳಲ್ಲಿ ರೋಗಿಯ ಪಕ್ಕದಲ್ಲಿ ಸಾಮಾನ್ಯವಾಗಿ ಮನೆಯವರೊಬ್ಬರು ಇರುತ್ತಾರೆ. ಅಲ್ಲಿ ಸಂಬಳ ಕೊಟ್ಟು ಕೂರಿಸುವ ಸಹಾಯಕನ ಕೆಲಸವನ್ನು ಇಲ್ಲಿ ಮಗನೋ ಮಗಳೋ ಸಂಬಳವಿಲ್ಲದೆ ಮಾಡುತ್ತಾರೆ. ಆದರೆ ಅವರೂ ನಿದ್ರೆ ಮಾಡಬೇಕು, ಔಷಧಿ ತರಲು ಹೋಗಬೇಕು, ಅಂಗಡಿಯನ್ನೋ ಕಚೇರಿಯನ್ನೋ ನೋಡಿಕೊಳ್ಳಬೇಕು. ಎದ್ದೇಳುವ ರೋಗಿಯನ್ನು ಹೇಗೆ ಹಿಡಿಯಬೇಕೆಂಬ ತರಬೇತಿಯೂ ಅವರಿಗೆ ದೊರೆತಿರುವುದಿಲ್ಲ. ಮನೆಯವರಿಗೆ ಪ್ರವೇಶವಿಲ್ಲದ ತೀವ್ರ ನಿಗಾ ಘಟಕಗಳಿಗೂ, ವೃದ್ಧಾಶ್ರಮಗಳಿಗೂ ದೂರ ನಿಗಾ ಹೆಚ್ಚು ಪ್ರಸ್ತುತವಾಗಬಹುದು. 2005ರಲ್ಲಿ ಸ್ಥಾಪನೆಯಾದ ಎನ್‌ಎಬಿಎಚ್ ಮಾನ್ಯತಾ ಮಂಡಳಿಯು ರೋಗಿಗಳು ಬೀಳುವ ಪ್ರಮಾಣವನ್ನು ಗುಣಮಟ್ಟದ ಸೂಚಕಗಳಲ್ಲಿ ಸೇರಿಸಿರುವುದರಿಂದ, ಮಾನ್ಯತೆ ಬಯಸುವ ಆಸ್ಪತ್ರೆಗಳು ಈ ಲೆಕ್ಕವನ್ನು ಇಡಲೇಬೇಕಾಗಿದೆ.

ಈ ಕ್ಷೇತ್ರಕ್ಕೆ ಸಾಧನಗಳನ್ನು ತಯಾರಿಸುವ ಅಥವಾ ಮಾರುವ ಉದ್ಯಮಿಗಳು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳ ವಿಸ್ತೃತ ವ್ಯಾಖ್ಯೆ ಜಾರಿಯಲ್ಲಿದೆ. ತಂತ್ರಾಂಶವೂ ಅದರ ವ್ಯಾಪ್ತಿಗೆ ಬರಬಹುದು. ಸಾಧನದ ಉದ್ದೇಶಿತ ಬಳಕೆಯನ್ನು ಹೇಗೆ ಘೋಷಿಸಲಾಗಿದೆ ಎಂಬುದು ಇಲ್ಲಿ ನಿರ್ಣಾಯಕ. ಸಾಮಾನ್ಯ ಕ್ಯಾಮೆರಾವನ್ನು ರೋಗಿ ಸುರಕ್ಷತಾ ಸಾಧನವೆಂದು ಜಾಹೀರಾತು ಮಾಡುವ ಮುನ್ನ ತಜ್ಞರ ಸಲಹೆ ಪಡೆಯಬೇಕು.

2. ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರವು ಭದ್ರತಾ ಪರೀಕ್ಷೆಯನ್ನು 2025ರ ಏಪ್ರಿಲ್ 9ರಿಂದ ಕಡ್ಡಾಯಗೊಳಿಸಿದೆ. ದಾಸ್ತಾನು ಕೊಳ್ಳುವಾಗ ಪ್ರಮಾಣಪತ್ರವನ್ನು ಪರಿಶೀಲಿಸಬೇಕು.

3. ವಿದ್ಯುತ್ ಕಡಿತವಾದಾಗ ಕ್ಯಾಮೆರಾ, ಜಾಲ ಸಂಪರ್ಕ ಮತ್ತು ಪರದೆ ಮೂರಕ್ಕೂ ಬದಲಿ ವಿದ್ಯುತ್ ಇರಬೇಕು. ಒಂದು ನಿಂತರೂ ವ್ಯವಸ್ಥೆ ಕುರುಡಾಗುತ್ತದೆ.

4. ನೆಲಮಟ್ಟಕ್ಕೆ ಇಳಿಸಬಹುದಾದ ಮಂಚ, ಶೌಚಾಲಯದ ಗೋಡೆಗೆ ಭದ್ರವಾದ ಹಿಡಿಕೆ, ಮಂಚದ ಅಡಿಯ ಮಂದ ದೀಪ, ಜಾರದ ಪಾದರಕ್ಷೆ, ಕೈಗೆಟಕುವ ಕರೆಗಂಟೆ, ಸ್ಥಿರವಾಗಿ ನಿಲ್ಲುವ ಡ್ರಿಪ್ ಸ್ಟ್ಯಾಂಡ್ ಇವು ಸಣ್ಣ ಘಟಕಗಳ ಶಕ್ತಿಗೆ ನಿಲುಕುವ ಉತ್ಪನ್ನಗಳು. ಕ್ಯಾಮೆರಾ ಇರಲಿ ಬಿಡಲಿ, ಇವು ಎಲ್ಲ ಆಸ್ಪತ್ರೆಗಳಿಗೂ ಬೇಕು.

ಖರೀದಿಸುವ ನರ್ಸಿಂಗ್ ಹೋಂ ಮಾಲೀಕರಿಗೆ ಒಂದು ಸರಳ ಪರೀಕ್ಷೆಯನ್ನು ಸೂಚಿಸಬಹುದು. ರಾತ್ರಿ 2 ಗಂಟೆಗೆ ಅತ್ಯಂತ ದೂರದ ಕೊಠಡಿಯಿಂದ ಕರೆಗಂಟೆ ಒತ್ತಿ, ಮೊದಲ ವ್ಯಕ್ತಿ ಮಂಚದ ಬಳಿ ತಲುಪಲು ಎಷ್ಟು ಹೊತ್ತು ಬೇಕೆಂಬುದನ್ನು ಗಡಿಯಾರ ಹಿಡಿದು ನೋಡಬೇಕು. ಆ ಅವಧಿಯು ನಿಮಿಷಗಳ ಲೆಕ್ಕದಲ್ಲಿದ್ದರೆ ಕ್ಯಾಮೆರಾ ಕೊಂಡರೂ ಪ್ರಯೋಜನವಿಲ್ಲ. ಬಿದ್ದ ದೃಶ್ಯವನ್ನು ಸ್ಪಷ್ಟವಾಗಿ ನೋಡಿದಂತಾಗುತ್ತದೆ ಅಷ್ಟೆ. ಮೊದಲು ಆ ಅವಧಿಯನ್ನು ತಗ್ಗಿಸಲು ಸಿಬ್ಬಂದಿ ಮತ್ತು ಕೊಠಡಿಗಳ ವ್ಯವಸ್ಥೆಯನ್ನು ಸರಿಪಡಿಸಿ, ಆಮೇಲೆ ಕ್ಯಾಮೆರಾಗೆ ಹಣ ತೊಡಗಿಸುವುದು ಲಾಭದಾಯಕ ಕ್ರಮವೂ ಹೌದು, ಚಿಕಿತ್ಸೆಗೆಂದು ನಂಬಿ ಬಂದ ರೋಗಿಗೆ ಸಲ್ಲಿಸಬೇಕಾದ ಕರ್ತವ್ಯವೂ ಹೌದು.